ಗ್ರೆನೋಬಲ್‌ನಲ್ಲಿ ಬಿಸಿ ನೋಡಿದ್ದು

ರೈಲು ಕಣಿವೆಯೊಳಗೆ ನುಗ್ಗುತ್ತಿದ್ದಂತೆ ಎರಡೂ ಕಿಟಕಿಗಳಲ್ಲಿ ಬೆಟ್ಟ ಎದ್ದು ನಿಲ್ಲುತ್ತದೆ. ಚಾರ್ಮಾಡಿಯಲ್ಲಾದರೆ ನಾವೇ ಬೆಟ್ಟ ಹತ್ತಬೇಕು. ಫ್ರಾನ್ಸಿನ ಈ ಗ್ರೆನೋಬಲ್ ಮಾತ್ರ ಚಪಾತಿಯಷ್ಟು ಮಟ್ಟಸ; ಬೆಟ್ಟಗಳೇ ಸುತ್ತ ನಿಂತು ಇಣುಕುತ್ತವೆ. ಸ್ಟೇಷನ್ನಿಗೆ ಬಂದ ಗೆಳೆಯ ಅರಸೀಕೆರೆಯವನು, ಇಲ್ಲಿ ಚಿಪ್ಪುಗಳ ಸರ್ಕ್ಯೂಟ್ ಬಿಡಿಸುತ್ತಾನೆ. ನವೆಂಬರಿನ ಭಾನುವಾರ, ಅಂಗಡಿಗಳೆಲ್ಲ ಬಂದ್. ಮಧ್ಯಾಹ್ನದ ಊಟ ಅವನ ಬ್ರೆಡ್ಡು, ನನ್ನ ಚಟ್ನಿಪುಡಿ.

ಬೆಟ್ಟದ ಮೇಲಿನ ಕೋಟೆಗೆ 1934ರಿಂದ ಓಡುತ್ತಿರುವ ಕೇಬಲ್ ಕಾರು ಹತ್ತಿದೆವು. ಗಾಜಿನ ಗುಳ್ಳೆಯೊಳಗೆ ಕೂತು ಇಸೇರ್ ನದಿ ದಾಟುವಾಗ ಹೊಟ್ಟೆಯಲ್ಲಿದ್ದ ಚಟ್ನಿಪುಡಿಯೂ ತೂಗಾಡಿತು. ಕೋಟೆಯ ಮೇಲಿಂದ ಗೆಳೆಯ ಬೆರಳು ತೋರಿಸುತ್ತಾನೆ: ಎರಡು ನದಿಗಳ ನಡುವಿನ ಆ ಮೂಲೆಯಲ್ಲಿ ಲೆಟಿ ಸಂಶೋಧನಾಲಯ. ತಣ್ಣಗಾಗಿಸದೆಯೇ ಶಾಖದ ಚಿತ್ರ ತೆಗೆಯುವ ಅಮಾರ್ಫಸ್ ಸಿಲಿಕಾನ್ ಸಂವೇದಕ ಬೆಳೆದದ್ದು ಅಲ್ಲಿ. ಅದನ್ನು ಮಾರುಕಟ್ಟೆಗೆ ತರಲು 2002ರಲ್ಲಿ ಹುಟ್ಟಿದ ಕಂಪನಿ ಈಗ ಲಿನ್ರೆಡ್ ಆಗಿದೆ.

ಸಂಜೆ ಅವನ ಮನೆಯಲ್ಲಿ ಅಂಥದೇ ಸಂವೇದಕದ ಕ್ಯಾಮೆರಾ ಹೊರಬಂತು. ಅದರ ಜರ್ಮೇನಿಯಂ ಲೆನ್ಸಿನಲ್ಲಿ ನನಗೆ ಕಂಡದ್ದು ನನ್ನದೇ ಮುಖ. ನನಗೆ ಕನ್ನಡಿ, ಶಾಖಕ್ಕೆ ಕಿಟಕಿ. ಮೇಜಿನ ಮೇಲೆ ಅಂಗೈ ಊರಿ ತೆಗೆದೆ. ಪರದೆಯಲ್ಲಿ ಐದೂ ಬೆರಳು ಹೊಳೆಯುತ್ತ ಉಳಿದು, ನಿಧಾನಕ್ಕೆ ಮಾಸಿದವು. ಬಾಗಿಲಿಗೆ ಕುಂಕುಮದ ಕೈ ಒತ್ತಿದ ಹಾಗೆ!

ಒಳಗೇನಿದೆ? ಚಿಪ್ಪಿನ ಮೇಲೆ ಸಾಲುಸಾಲು ಚಪ್ಪರ, ಹೆಸರು ಬೋಲೋಮೀಟರ್. ಒಂದೊಂದರ ಅಗಲ 12 ಮೈಕ್ರಾನ್, ನೆಲದಿಂದ ಎತ್ತರ ಸುಮಾರು 2. ಎದುರಿನ ವಸ್ತು ಒಂದು ಡಿಗ್ರಿ ಬಿಸಿಯಾದರೆ ಚಪ್ಪರ ಬಿಸಿಯಾಗುವುದು ಕೆಲವೇ ಮಿಲಿಕೆಲ್ವಿನ್. ಡಿಗ್ರಿಗೆ ಶೇ. 2ರಷ್ಟು ಬದಲಾಗುವ ರೋಧ ಆಗ ಕದಲುವುದು ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು.

“ಹತ್ತು ಟನ್ ಕಬ್ಬಿನ ಲಾರಿ ವೇಬ್ರಿಡ್ಜ್ ಮೇಲೆ ನಿಂತಿದೆ ಅನ್ಕೋ. ಡ್ರೈವರ್ ಒಂದು ತೆಂಗಿನಕಾಯಿ ಇಟ್ಕೊಂಡಿದಾನಾ ಇಲ್ವಾ, ಹೇಳ್ಬೇಕು. ಅದೇ ಕಣೋ ನನ್ ಕೆಲ್ಸ.”

ಹೇಗೆ? ತಕ್ಕಡಿಯ ಇನ್ನೊಂದು ತಟ್ಟೆಗೆ ಅಷ್ಟೇ ತೂಕದ ಇನ್ನೊಂದು ಲಾರಿ! ದೃಶ್ಯದ ಶಾಖ ತಾಗದ ‘ಕುರುಡು’ ಬೋಲೋಮೀಟರಿನ ಕರೆಂಟನ್ನು ಕಳೆದು, ಉಳಿದ ಚೂರನ್ನು ಕೆಪಾಸಿಟರಿನಲ್ಲಿ ತುಂಬಿಸುತ್ತಾರೆ. ಹೆಚ್ಚು ಹೊತ್ತು ತುಂಬಿಸಿದಷ್ಟೂ ಗದ್ದಲ ಸರಾಸರಿಯಲ್ಲಿ ಕರಗುತ್ತದೆ. ಆದರೆ ಓದುವ ಕರೆಂಟೇ ಚಪ್ಪರವನ್ನು ಕಾಯಿಸುತ್ತದಲ್ಲ. ಹಾಗಾಗಿ ಸಾಲಿಗೊಂದು ಪುಟ್ಟ ಮಿಡಿತವಷ್ಟೇ. ಫ್ಲಿಕರ್ ನಾಯ್ಸ್ ಎಂಬ ನಿಧಾನಗತಿಯ ಗದ್ದಲ ಮಾತ್ರ ಸರಾಸರಿಗೂ ಬಗ್ಗದ ಹಟಮಾರಿ. ಅದನ್ನು ತಗ್ಗಿಸಲು ಟ್ರಾನ್ಸಿಸ್ಟರ್ ದೊಡ್ಡದಿರಬೇಕು, ಚಪ್ಪರದಡಿ ಜಾಗವಿಲ್ಲ. ಹಾಗಾಗಿ ಆಂಪ್ಲಿಫೈಯರುಗಳು ಕಂಬಸಾಲಿನ ಕೊನೆಗೆ ಹೋಗಿ ಕೂರುತ್ತವೆ, ಮದುವೆಮನೆಯ ಒಲೆಗಳು ಹಿತ್ತಲಿಗೆ ಹೋದಂತೆ.

ನಡುನಡುವೆ ಕ್ಯಾಮೆರಾ ‘ಟಕ್’ ಎಂದು ಕಣ್ಣು ಮುಚ್ಚುತ್ತದೆ. ಪಿಕ್ಸೆಲ್‌ಗಳ ತಾರತಮ್ಯ ಸರಿಪಡಿಸಿಕೊಳ್ಳಲಂತೆ. ಚಿತ್ರ ನಿಂತೇಹೋದಾಗ ಕೆಡಿಸಿಬಿಟ್ಟೆನೇ ಎಂದು ಮೂರು ಸಲ ಹೆದರಿದೆ.

ಮಲಗುವ ಮುಂಚೆ ಬೆಟ್ಟ ನೋಡೋಣವೆಂದು ಮುಚ್ಚಿದ ಕಿಟಕಿಗೆ ಹಿಡಿದೆ. ಬೆಟ್ಟವಿಲ್ಲ! ಗಾಜು ಈ ಕಿರಣಗಳಿಗೆ ಗೋಡೆ. ಅದರಲ್ಲಿ ಮಬ್ಬಾಗಿ ಹೊಳೆಯುತ್ತಿರುವವನು ನಾನೇ. ಕಿಟಕಿ ತೆರೆದೆ. ಬೆಟ್ಟದ ಸಾಲು ಪರದೆಯ ಮೇಲೆ ಮೂಡಿತು, ಜೊತೆಗೇ ಚಳಿಯೂ ಒಳಗೆ ನುಗ್ಗಿತು.

“ಲೋ, ಮುಚ್ಚೋ ಅದನ್ನ!” ಕಂಬಳಿಯೊಳಗಿಂದ ಅರಸೀಕೆರೆ ಕೂಗಿತು.