ಹದಿನೆಂಟನೇ ಹೋಲ್‌ನ ಕೊಳ

ದುಬೈ ಎಂದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ಬುರ್ಜ್ ಖಲೀಫಾ, ಚಿನ್ನದ ಸೂಕ್, ಮರುಭೂಮಿಯ ಸಫಾರಿ. ಮನೆಯವರು ಯಾರಾದರೂ ಅಲ್ಲಿ ದುಡಿಯುತ್ತಿದ್ದರೆ ತಿಂಗಳ ಕೊನೆಯಲ್ಲಿ ಬರುವ ಹಣ ಮತ್ತು ರಾತ್ರಿಯ ಫೋನ್ ಕರೆ ಕೂಡ ನೆನಪಾಗುತ್ತವೆ. ಗಾಲ್ಫ್ ಮೈದಾನ ಮಾತ್ರ ನಮ್ಮಂತಹವರಿಗೆ ನೆನಪಾಗುವುದಿಲ್ಲ. ನನ್ನ ತಮ್ಮ ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗದಿದ್ದರೆ ನನಗೂ ಅದರ ಗೊಡವೆ ಇರುತ್ತಿರಲಿಲ್ಲ.

ಶೇಖ್ ಝಾಯಿದ್ ರಸ್ತೆಯಲ್ಲಿ ಮರೀನಾದ ಕಡೆಗೆ ಹೋಗುವಾಗ, ಗಗನಚುಂಬಿ ಕಟ್ಟಡಗಳ ನಡುವೆ ಒಮ್ಮೆಲೇ ಹಸಿರು ಹಾಸಿದಂತೆ ಒಂದು ವಿಶಾಲ ಬಯಲು ಎದುರಾಗುತ್ತದೆ. ಅದೇ ಎಮಿರೇಟ್ಸ್ ಗಾಲ್ಫ್ ಕ್ಲಬ್. 1988ರಲ್ಲಿ ಇದು ಪ್ರಾರಂಭವಾದಾಗ ಸುತ್ತಲೂ ಬರೀ ಮರಳು. ಅದಕ್ಕೂ ಮೊದಲು ಕೊಲ್ಲಿ ನಾಡುಗಳಲ್ಲಿ ಗಾಲ್ಫ್ ಆಡುವವರು ಮರಳಿನಲ್ಲೇ ಆಡುತ್ತಿದ್ದರು. ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ನೆಲವೇ ಅವರ ಅಂಗಳ. ಕೈಯಲ್ಲೊಂದು ಕೃತಕ ಹುಲ್ಲಿನ ಚಾಪೆ ಹಿಡಿದುಕೊಂಡು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಿದ್ದರು. ಆ ಪ್ರದೇಶದಲ್ಲಿ ನಿಜವಾದ ಹುಲ್ಲು ಬೆಳೆಸಿ ದೊಡ್ಡ ಪಂದ್ಯಗಳಿಗೆಂದು ಸಿದ್ಧಪಡಿಸಿದ ಮೊದಲ ಮೈದಾನ ಇದು. ಸಮುದ್ರದ ಉಪ್ಪು ತೆಗೆದು ಕುಡಿಯುವ ನೀರು ಮಾಡಿಕೊಳ್ಳುವ ನಾಡಿನಲ್ಲಿ ಆಟಕ್ಕಾಗಿ ಇಷ್ಟೊಂದು ಹಸಿರು ಬೇಕೇ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತು.

ಕ್ಲಬ್ಬಿನ ಕಟ್ಟಡಗಳನ್ನು ಬದುಗಳ ಡೇರೆಗಳ ಆಕಾರದಲ್ಲಿ ಕಟ್ಟಿದ್ದಾರೆ. ಇಲ್ಲಿನ ಮುಖ್ಯ ಮೈದಾನದ ಹೆಸರು ನಿಮಗೆ ಹೊಸದಲ್ಲ, ‘ಮಜ್ಲಿಸ್’! ಮೈದಾನದ ನಡುವೆ ಇರುವ ಒಂದು ಮಜ್ಲಿಸ್ ಕಟ್ಟಡದಿಂದಾಗಿ ಆ ಹೆಸರು ಬಂತು. 1989ರಲ್ಲಿ ಇಲ್ಲಿ ಶುರುವಾದ ‘ಡೆಸರ್ಟ್ ಕ್ಲಾಸಿಕ್’ ಪಂದ್ಯದಲ್ಲಿ ಗೆದ್ದವರಿಗೆ ಸಿಗುವ ಟ್ರೋಫಿ ಕೂಡ ಅರಬರ ಮನೆಯ ವಸ್ತುವೇ. ಅತಿಥಿಗಳಿಗೆ ಕಾಫಿ ಸುರಿಯುವ ‘ದಲ್ಲಾ’ದ ಆಕಾರ ಅದಕ್ಕೆ.

ಆಟ ತಿಳಿಯದವರಿಗಾಗಿ ಎರಡು ಮಾತು. ಗಾಲ್ಫ್ ಮೈದಾನದಲ್ಲಿ ಹದಿನೆಂಟು ಭಾಗಗಳಿರುತ್ತವೆ. ಒಂದೊಂದಕ್ಕೂ ‘ಹೋಲ್’ ಎನ್ನುತ್ತಾರೆ. ಒಂದು ತುದಿಯಲ್ಲಿ ಚೆಂಡಿಟ್ಟು ಕೋಲಿನಿಂದ ಹೊಡೆಯುತ್ತಾ ಸಾಗಿ, ಇನ್ನೊಂದು ತುದಿಯ ನುಣುಪಾದ ಹುಲ್ಲಿನ ಅಂಗಳದಲ್ಲಿರುವ ಪುಟ್ಟ ಕುಳಿಗೆ ಅದನ್ನು ಬೀಳಿಸಬೇಕು. ಆ ಕುಳಿಯ ಅಗಲ ಹನ್ನೊಂದು ಸೆಂಟಿಮೀಟರ್ ಕೂಡ ಇಲ್ಲ. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರೇ ಗೆದ್ದವರು. ಒಂದು ಹೋಲನ್ನು ಇಷ್ಟು ಹೊಡೆತಗಳಲ್ಲಿ ಮುಗಿಸಬೇಕು ಎಂಬ ಲೆಕ್ಕಕ್ಕೆ ‘ಪಾರ್’ ಎಂದು ಹೆಸರು. ಚೆಂಡು ನೀರಿಗೆ ಬಿದ್ದರೆ ಒಂದು ಹೊಡೆತ ದಂಡ.

ಹಾಗಾದರೆ ಇವುಗಳಲ್ಲಿ ಯಾವ ಹೊಡೆತ ಮುಖ್ಯ? ನಾನು ತಮ್ಮನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಇದು. ಅವನು ಉತ್ತರಿಸದೆ ನನ್ನನ್ನು ಹದಿನೆಂಟನೇ ಹೋಲ್ ಕಾಣುವಲ್ಲಿ ಕೂರಿಸಿದ. “ಆಪಾ, ಸ್ವಲ್ಪ ಹೊತ್ತು ನೋಡು” ಎಂದ.

ನೀವೂ ನನ್ನ ಜೊತೆ ನೋಡಿ. ಇದು ಐದು ಹೊಡೆತಗಳ ಹೋಲ್. ಉದ್ದ ಅರ್ಧ ಕಿಲೋಮೀಟರಿನಷ್ಟು. ದಾರಿ ನೇರವಾಗಿಲ್ಲ, ಎಡಕ್ಕೆ ತಿರುಗುತ್ತದೆ. ಕುಳಿ ಇರುವ ಅಂಗಳದ ಎದುರಿಗೇ ಒಂದು ಕೊಳ. ಮೊದಲ ಹೊಡೆತ ಚೆನ್ನಾಗಿ ಬಿದ್ದವನ ಮುಂದೆ ಎರಡು ದಾರಿಗಳಿವೆ. ಎರಡನೇ ಹೊಡೆತದಲ್ಲೇ ಕೊಳವನ್ನು ದಾಟಿಸಿ ಅಂಗಳಕ್ಕೆ ತಲುಪಿಸುವುದು ಒಂದು. ಕೊಳದ ಈಚೆಗೆ ಚೆಂಡನ್ನು ತಂದು ನಿಲ್ಲಿಸಿ, ಮೂರನೇ ಹೊಡೆತದಲ್ಲಿ ಮೆಲ್ಲನೆ ದಾಟಿಸುವುದು ಇನ್ನೊಂದು. ಈ ಎರಡನೆಯದಕ್ಕೆ ‘ಲೇ ಅಪ್’ ಎನ್ನುತ್ತಾರೆ. ನೋಡುವವರು ಚಪ್ಪಾಳೆ ತಟ್ಟುವುದು ಮೊದಲನೆಯದಕ್ಕೆ.

ಈ ಕೊಳ ಎಂತೆಂಥವರನ್ನು ಪರೀಕ್ಷಿಸಿದೆ ಗೊತ್ತೇ? 2001ರಲ್ಲಿ ಟೈಗರ್ ವುಡ್ಸ್ ಮತ್ತು ಡೆನ್ಮಾರ್ಕಿನ ಥಾಮಸ್ ಬಿಯೋರ್ನ್ ಸಮಬಲದಲ್ಲಿ ಕೊನೆಯ ದಿನದ ಈ ಹೋಲಿಗೆ ಬಂದರು. ವುಡ್ಸ್ ಆಗ ಜಗತ್ತಿನ ನಂಬರ್ ಒನ್. ಅವರ ಮೊದಲ ಹೊಡೆತವೇ ದಾರಿ ತಪ್ಪಿ ಮರಗಳತ್ತ ಹೋಯಿತು. ಮುಂದೆ ಚೆಂಡು ನೀರಿಗೂ ಬಿತ್ತು. ಐದರಲ್ಲಿ ಮುಗಿಯಬೇಕಾದದ್ದಕ್ಕೆ ಏಳು ಹೊಡೆತ ಬೇಕಾಯಿತು. ಬಿಯೋರ್ನ್ ಸದ್ದಿಲ್ಲದೆ ಐದರಲ್ಲಿ ಮುಗಿಸಿ ಗೆದ್ದರು.

2022ರಲ್ಲಿ ಉತ್ತರ ಐರ್ಲೆಂಡಿನ ರೋರಿ ಮೆಕಿಲ್ರಾಯ್ ಇದೇ ಜಾಗದಲ್ಲಿ ನಿಂತರು. ನಾಲ್ಕರಲ್ಲಿ ಮುಗಿಸಿದರೆ ಗೆಲುವು, ಐದರಲ್ಲಿ ಮುಗಿಸಿದರೆ ಪ್ಲೇ ಆಫ್. ಅವರು ಎರಡನೇ ಹೊಡೆತದಲ್ಲೇ ದಾಟಿಸಲು ಹೊರಟರು. ಚೆಂಡು ಕೊಳದ ಪಾಲಾಯಿತು. ಆರು ಹೊಡೆತಗಳಾಗಿ ಪ್ಲೇ ಆಫ್ ಕೂಡ ತಪ್ಪಿತು. ಗೆದ್ದವರು ನಾರ್ವೆಯ ವಿಕ್ಟರ್ ಹೋವ್ಲಂಡ್.

ಮರುವರ್ಷ, 2023ರ ಜನವರಿಯಲ್ಲಿ, ಅದೇ ಮೆಕಿಲ್ರಾಯ್, ಅದೇ ಹೋಲ್. ಈ ಸಲವೂ ನಾಲ್ಕರಲ್ಲಿ ಮುಗಿಸಿದರೆ ಗೆಲುವು. ಅವರು ಚೆಂಡನ್ನು ಕೊಳದ ಈಚೆಗೇ ನಿಲ್ಲಿಸಿದರು. ಮೂರನೇ ಹೊಡೆತ ಮೆಲ್ಲನೆ ಕೊಳ ದಾಟಿ ಅಂಗಳಕ್ಕೆ ಬಿತ್ತು. ನಾಲ್ಕನೆಯದು ಉರುಳುತ್ತಾ ಹೋಗಿ ಕುಳಿಯೊಳಗೆ! ಒಂದೇ ಒಂದು ಹೊಡೆತದ ಅಂತರದಿಂದ ಗೆದ್ದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಕೊನೆಯ ಹೊಡೆತ. ಆದರೆ ಅದಕ್ಕೆ ಅವಕಾಶ ಮಾಡಿಕೊಟ್ಟದ್ದು, ಯಾರೂ ಚಪ್ಪಾಳೆ ತಟ್ಟದ ಆ ಎರಡನೇ ಹೊಡೆತ.

ಗಾಲ್ಫ್ ಆಡುವವರಲ್ಲಿ ಒಂದು ಹಳೆಯ ಮಾತಿದೆ: ದೂರ ಹೊಡೆಯುವುದು ತೋರಿಕೆಗೆ, ಕುಳಿಗೆ ಬೀಳಿಸುವುದು ಗಳಿಕೆಗೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿ 2014ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅತ್ಯುತ್ತಮ ಆಟಗಾರರು ಉಳಿದವರಿಗಿಂತ ಮುಂದಿರಲು ಸುಮಾರು ಶೇ. 40ರಷ್ಟು ಕಾರಣ ಅಂಗಳಕ್ಕೆ ತಲುಪಿಸುವ ನಡುವಿನ ಹೊಡೆತಗಳು. ಮೊದಲ ದೊಡ್ಡ ಹೊಡೆತದ ಪಾಲು ಶೇ. 28. ಕುಳಿಗೆ ಉರುಳಿಸುವ ಹೊಡೆತದ ಪಾಲು ಶೇ. 15 ಮಾತ್ರ. ಅಂದರೆ ಆರಂಭದ ಅಬ್ಬರಕ್ಕಿಂತಲೂ, ಕೊನೆಯ ಕ್ಷಣದ ರೋಮಾಂಚನಕ್ಕಿಂತಲೂ ನಡುವಿನ ದಾರಿಯಲ್ಲಿ ತೋರುವ ವಿವೇಕಕ್ಕೇ ಬೆಲೆ ಹೆಚ್ಚು.

ಹಾಗೆಂದು ಎಲ್ಲರ ಬಲವೂ ಒಂದೇ ಕಡೆ ಇರುವುದಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಚೆಂಡನ್ನು ಬಹಳ ದೂರ ಹೊಡೆಯುವವರಲ್ಲ. ಅವರ ಶಕ್ತಿ ಇರುವುದು ಅಂಗಳದ ಮೇಲಿನ ಸೂಕ್ಷ್ಮ ಹೊಡೆತಗಳಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ಬಲದಿಂದಲೇ ಅವರು ನಾಲ್ಕನೆಯವರಾದರು. ಕಂಚಿನ ಪದಕ ಒಂದು ಹೊಡೆತದಿಂದ ತಪ್ಪಿತು. ಅಲ್ಲಿ ಅವರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ! ಮೊರೊಕ್ಕೊದ ಇನೆಸ್ ಲಕ್ಲಲೆಶ್ 2022ರಲ್ಲಿ ಫ್ರಾನ್ಸ್‌ನಲ್ಲಿ ಗೆದ್ದು, ಯುರೋಪಿನ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಅರಬ್ ಮಹಿಳೆಯಾದರು. ಎಮಿರೇಟ್ಸ್ ಕ್ಲಬ್ಬಿನಲ್ಲೂ 2006ರಿಂದ ಹಲವು ವರ್ಷ ಮಹಿಳೆಯರ ಅಂತಾರಾಷ್ಟ್ರೀಯ ಪಂದ್ಯ ನಡೆದಿದೆ.

ಅಂದು ಸಂಜೆ ನಾವು ಕುಳಿತಿದ್ದಾಗ ಬಂದ ಆಟಗಾರರು ಯಾರೂ ಪ್ರಸಿದ್ಧರಲ್ಲ, ವಾರವಿಡೀ ದುಡಿದು ಬಿಡುವಿನಲ್ಲಿ ಆಡಲು ಬಂದವರು. ಒಬ್ಬೊಬ್ಬರಾಗಿ ಕೊಳದ ಎದುರು ನಿಂತು ಯೋಚಿಸುತ್ತಿದ್ದರು. ದಾಟಿಸಲು ಹೋದ ಮೂವರ ಚೆಂಡುಗಳು ನಮ್ಮ ಕಣ್ಣೆದುರೇ ನೀರಿಗೆ ಬಿದ್ದವು. ನಾನು ನಕ್ಕೆ. ತಮ್ಮ ನಗಲಿಲ್ಲ.

“ಆಪಾ, ನಾನೂ ಒಮ್ಮೆ ನೀರಿಗೆ ಹೊಡೆದವನೇ” ಎಂದ.

ಅವನು ಯಾವುದರ ಬಗ್ಗೆ ಹೇಳುತ್ತಿದ್ದಾನೆಂದು ನನಗೆ ತಿಳಿಯಿತು. ದುಬೈಗೆ ಹೋದ ನಾಲ್ಕನೇ ವರ್ಷ, ಒಂದೇ ವರ್ಷದಲ್ಲಿ ದುಪ್ಪಟ್ಟಾಗುತ್ತದೆಂಬ ಯಾರದೋ ಮಾತು ನಂಬಿ ಉಳಿತಾಯವನ್ನೆಲ್ಲ ಒಂದೇ ಕಡೆ ಹಾಕಿದ್ದ. ಅಮ್ಮಿಯ ಎರಡು ಬಳೆಗಳೂ ಅದರಲ್ಲಿ ಹೋದವು. ಆ ವರ್ಷ ಅವನು ಈದ್‌ಗೆ ಊರಿಗೆ ಬರಲಿಲ್ಲ. ಅಮ್ಮಿ ಬಳೆಗಾಗಿ ಅಳಲಿಲ್ಲ, ಮಗ ಬರಲಿಲ್ಲವೆಂದು ಅತ್ತರು. ನಂತರ ಅವನು ತಿಂಗಳಿಗೆ ಇಷ್ಟೆಂದು ಎತ್ತಿಟ್ಟು, ಒಂದು ವರ್ಷ ಅಡಿಪಾಯ, ಮತ್ತೊಂದು ವರ್ಷ ಗೋಡೆ, ಹೀಗೆ ಮನೆ ಕಟ್ಟಿದ. ಛಾವಣಿ ಬೀಳಲು ಏಳು ವರ್ಷ ಹಿಡಿಯಿತು. ನೆರೆಯವರಿಗೆ ಅದೊಂದು ತಮಾಷೆಯಾಗಿತ್ತು. ಇಂದು ಅಮ್ಮಿ ಆ ಮನೆಯಲ್ಲಿ ಸಾಲದ ಭಯವಿಲ್ಲದೆ ನಮಾಝ್ ಮಾಡುತ್ತಾರೆ, ಅಲ್‌ಹಮ್ದುಲಿಲ್ಲಾಹ್.

ಸಹೋದರಿಯರೇ, ನಮ್ಮ ಮನೆಗಳಲ್ಲೂ ಇಂತಹ ಕೊಳಗಳಿವೆ. ಮಗಳ ಮದುವೆ, ಮನೆ ಕಟ್ಟುವುದು, ಮಗನ ವೀಸಾ, ಎಲ್ಲವನ್ನೂ ಒಂದೇ ಹೊಡೆತದಲ್ಲಿ ದಾಟಬೇಕೆಂದು ಹೊರಡುತ್ತೇವೆ. ನೋಡುವವರ ಚಪ್ಪಾಳೆಯೂ ನಮಗೆ ಬೇಕು. ದೂರದಲ್ಲಿ ದುಡಿಯುವವರಿಗೆ ಫೋನಿನಲ್ಲಿ “ಬೇಗ, ಬೇಗ” ಎಂದು ಹೇಳುವವರೂ ನಾವೇ. ಮೊದಲು ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದು ಮರಳುನಾಡಿನ ಜನರಿಗೆ ಮಾತ್ರವಲ್ಲ. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ, ಮುಂದಿನ ಹೆಜ್ಜೆ ಸುಲಭವಾಗುವಂತೆ ಈ ಹೆಜ್ಜೆಯನ್ನು ಇಡುವುದು ಎಂದು ನನಗೆ ಅಂದು ಅರ್ಥವಾಯಿತು.

ಸೂರ್ಯ ಮರೀನಾದ ಕಟ್ಟಡಗಳ ಹಿಂದೆ ಇಳಿಯುತ್ತಿದ್ದ. ಕೊನೆಗೆ ಬಂದ ಒಬ್ಬ ವಯಸ್ಸಾದ ಮಹಿಳೆ ಕೊಳವನ್ನೊಮ್ಮೆ ನೋಡಿ, ಚಿಕ್ಕ ಕೋಲೊಂದನ್ನು ತೆಗೆದುಕೊಂಡು, ಚೆಂಡನ್ನು ದಡದ ಈಚೆಗೆ ಮೆಲ್ಲನೆ ತಂದಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಮಾತ್ರ ತಟ್ಟಿದೆ. ತಮ್ಮ ಈಗ ನಕ್ಕ. ಮಗ್ರಿಬ್‌ಗೆ ಹೊತ್ತಾಗಿತ್ತು, ಎದ್ದು ಮಸೀದಿಯ ಕಡೆಗೆ ನಡೆದೆವು.