ಕಂದಕಕ್ಕೆ ನೀರು ಎಲ್ಲಿಂದ?

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರಕ್ಕೆ ಹೋದದ್ದು ಅಶೋಕನ ಶಾಸನ ನೋಡಲಿಕ್ಕೆ. 1892ರಲ್ಲಿ ಬಿ.ಎಲ್. ರೈಸ್ ಇಲ್ಲೂ ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಲ್ಲೂ ಈ ಬಂಡೆಬರಹಗಳನ್ನು ಪತ್ತೆಹಚ್ಚಿದರು. ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಎಂದರೆ ಹಿರಿಯ ಅಧಿಕಾರಿಗಳಿಗೆ, ಬರೆದ ಆಜ್ಞೆ ಅದು. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡ ಇಡೀ ಪಾಠವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಅಷ್ಟು ಹಿಂದೆಯೇ ಅಧಿಕಾರಿಗಳಿದ್ದ ಊರು ನಿಂತಿತ್ತು ಎಂಬುದೇ ನನಗೆ ದೊಡ್ಡ ಸಂಗತಿ. ನೀರನ್ನು ಹೇಗೆ ಹೊಂದಿಸಿಕೊಂಡರು ಎಂಬ ಪ್ರಶ್ನೆ ಚಳ್ಳಕೆರೆ ದಾಟಿ ಚಿತ್ರದುರ್ಗ ಮುಟ್ಟುವವರೆಗೂ ತಲೆಯಲ್ಲಿತ್ತು.

ಜರ್ಮನಿಯ ಮ್ಯೂನ್‌ಸ್ಟರ್ ಸೀಮೆಯಲ್ಲಿ 1271ರಲ್ಲಿ ಶುರುವಾದ ಫಿಶೆರಿಂಗ್‌ನಂಥ ಕೋಟೆಗಳು ನೀರಿನ ನಡುವೆಯೇ ನಿಂತಿವೆ. ಅಲ್ಲಿಯದು ತಗ್ಗಾದ, ತೇವದ ನೆಲ. ದುರ್ಗದ ಕೋಟೆಯ ಹೊರಗೂ ಕಂದಕವಿದೆ, ಆದರೆ ಇಲ್ಲಿ ಹನಿ ಹನಿಯೂ ಮುಗಿಲಿನಿಂದಲೇ ಬರಬೇಕು.

ಏಳು ಸುತ್ತಿನ ಕೋಟೆಯ ಬಾಗಿಲುಗಳು ಒಂದರ ಎದುರಿಗೊಂದು ಇಲ್ಲ. ಒಂದು ದಾಟಿದ ಕೂಡಲೇ ದಾರಿ ಸರಕ್ಕನೆ ತಿರುಗುತ್ತದೆ. ಆನೆ ಓಡಿ ಬಂದು ಗುದ್ದಲು ಜಾಗವೇ ಸಿಗುವುದಿಲ್ಲ. ಗೋಡೆಗೆ ಕೈಯಿಟ್ಟು ನೋಡಿದೆ: ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ನಡುವೆ ಗಾರೆಯ ಸುಳಿವಿಲ್ಲ. ಪಕ್ಕದ ಬಂಡೆಯ ಮೇಲೆ ಸಾಲಾಗಿ ಚೌಕದ ಗುಳಿಗಳು, ಸೀಳುವುದಕ್ಕೆ ಉಳಿ ಹೊಡೆದ ಗುರುತು. ಮದ್ದು ಅರೆಯುತ್ತಿದ್ದ ಬೀಸುವ ಕಲ್ಲುಗಳು ಆಳುದ್ದ ನಿಂತಿವೆ.

ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಂಡಗಳು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಬೆಟ್ಟದ ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ಇಂಗಿ ಹೋಗಲು ಎಡೆಯಿಲ್ಲ. ಆ ಇಳಿಜಾರನ್ನು ಅರಿತು ಕಟ್ಟಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ. ತಿಮ್ಮಣ್ಣನಾಯಕನಿಂದ ಮೊದಲಾದ ಪಾಳೆಯಗಾರರ ಆಳ್ವಿಕೆ, 1779ರಲ್ಲಿ ಹೈದರಾಲಿ ಮದಕರಿನಾಯಕನನ್ನು ಸೆರೆಹಿಡಿಯುವವರೆಗೆ, ಈ ನೀರನ್ನೇ ಕುಡಿದು ಬಾಳಿತು.

ಕೋಟೆಯ ಕಾವಲುಗಾರನ ಹೆಂಡತಿ ಓಬವ್ವ ಬಂಡೆಗಳ ನಡುವಿನ ಕಿಂಡಿಯ ಹತ್ತಿರ ಹೋದದ್ದೂ ನೀರಿಗೇ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೊರಟವಳಿಗೆ ಕಲ್ಲಸಂದಿಯಿಂದ ನುಸುಳುವ ಹೈದರಾಲಿಯ ಸೈನಿಕರ ಸದ್ದು ಕೇಳಿಸಿತೆಂದು ದುರ್ಗದವರು ಹೇಳುತ್ತಾರೆ. ಅವಳು ಒನಕೆಯಿಂದ ಅವರನ್ನು ಬಡಿದ ಕತೆಯನ್ನು ಮಕ್ಕಳಿಗೆ ಹೇಳುವಾಗ ಆ ಕೊಡವನ್ನೂ ಹೇಳಬೇಕು. ಕಿಂಡಿ ತೋರಿಸಿ ಇಳಿಸಿಬಿಡದೆ ಅವರನ್ನು ಅಕ್ಕ-ತಂಗಿಯರ ಹೊಂಡದವರೆಗೂ ಹತ್ತಿಸಬೇಕು, ಸಾಧ್ಯವಾದರೆ ಮಳೆಗಾಲದಲ್ಲಿ.