ರಜೆಗೆ ಕಡಲೇ ಏಕೆ? ನಮ್ಮ ಬೆಟ್ಟಗಳಿಲ್ಲವೇ?

ರಜೆ ಸಮೀಪಿಸಿತೆಂದರೆ ನಮ್ಮ ಬಂಧುಗಳ ಮನೆಗಳಲ್ಲಿ ಒಂದೇ ಚರ್ಚೆ: ಈ ಸಲ ಗೋವೆಯೋ, ಪುದುಚೇರಿಯೋ, ಗೋಕರ್ಣವೋ? ಕಡಲನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಅಲ್ಲಿಗೆ ಹೋದ ಕುಟುಂಬ ಬಹುಪಾಲು ಮಾಡುವುದೇನು? ಒಂದು ಗಂಟೆ ಅಲೆಗಳಲ್ಲಿ ಆಡಿ, ಉಳಿದ ಹೊತ್ತೆಲ್ಲ ಹಿರಿಯರು ಕೋಣೆಯಲ್ಲಿ ನಿದ್ರಿಸುತ್ತಾರೆ, ಮಕ್ಕಳು ಮೊಬೈಲಿನಲ್ಲಿ ಮುಳುಗುತ್ತಾರೆ. ಒಟ್ಟಿಗೆ ಹೋದವರು ಒಟ್ಟಿಗೆ ಇರುವುದೇ ಇಲ್ಲ. ಒಟ್ಟಿಗೆ ನಡೆಯುವ ರಜೆಯೊಂದನ್ನು ನಮ್ಮ ಕೋಲಾರ ಸೀಮೆಯಲ್ಲಿಯೇ ಯೋಜಿಸಬಹುದೆಂಬುದು ನನ್ನ ಅನುಭವ. ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಬಂಗಾರಪೇಟೆಯಿಂದ ಆರಂಭಿಸಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಇದು ಹಿಂದೆ ಬೌರಿಂಗ್‌ಪೇಟೆ ಎನಿಸಿತ್ತು. ಕಾರನ್ನು ಇಲ್ಲಿಯೇ ನಿಲ್ಲಿಸಿ, ಮಾರಿಕುಪ್ಪಂ ರೈಲು ಹತ್ತಿ. ಗಣಿಗಳಿಗಾಗಿ 1894ರಲ್ಲಿ ಹಾಕಿದ ಹಾದಿಯಿದು. ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳೇ ಮಕ್ಕಳಿಗೆ ಇತಿಹಾಸದ ಪಾಠವಾಗುತ್ತವೆ. ಇಳಿದ ಮೇಲೆ ಹಳೆಯ ಬೀದಿಗಳಲ್ಲಿ ನಡೆಯಿರಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದು ಬಂದದ್ದು ಈ ನೆಲಕ್ಕೆ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಈ ಗಣಿಗಳಲ್ಲಿಯೇ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಂದು ಎಚ್ಚರಿಕೆ: ಸಯನೈಡ್ ದಿಬ್ಬಗಳನ್ನು ದೂರದಿಂದಲೇ ನೋಡಿ, ಏರಬೇಡಿ, ಪಾಳುಬಿದ್ದ ಗಣಿಬಾವಿಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಸಂಜೆ ಬಂಗಾರಪೇಟೆಗೆ ಮರಳಿ, ನೀರಿನಂತೆ ತಿಳಿಯಾಗಿದ್ದೂ ನಾಲಿಗೆ ಸುಡುವ ಇಲ್ಲಿನ ಪಾನಿಪೂರಿಯನ್ನು ಸವಿಯಿರಿ.

ಕಡಲೇ ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಇದನ್ನೂ ಹೇಳಿ. ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯ ಬಳಿಯ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಈ ಸೀಮೆಯ ದಿಂಬಿನಾಕಾರದ ಲಾವಾಶಿಲೆಗಳು ನೀರಿನಡಿಯಲ್ಲಿ ಲಾವಾ ಉಕ್ಕಿದಾಗ ಮಾತ್ರ ಆಗುವಂಥವು. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿಯೂ ನೀರು ತುಂಬಿತ್ತು!

ಎರಡನೆಯ ದಿನ ಕೋಲಾರದ ಅಂತರಗಂಗೆ. ಶತಶೃಂಗ ಪರ್ವತದ ಮೆಟ್ಟಿಲುಗಳನ್ನು ಏರಿದರೆ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತಿರುತ್ತದೆ. ಅಲ್ಲಿಂದ ಮೇಲೆ ಬಂಡೆಗಳ ಸಂದಿ, ಗುಹೆಗಳು. ಇನ್ನೂ ನಡೆದರೆ ಬೆಟ್ಟದ ನೆತ್ತಿಯಲ್ಲಿ ತೇರಹಳ್ಳಿಯಂಥ ಊರುಗಳು. ಕೋತಿಗಳ ಕಾಟವಿರುವುದರಿಂದ ತಿಂಡಿಯನ್ನು ಕೈಯಲ್ಲಿ ಹಿಡಿದು ಹೋಗಬಾರದು.

ಈ ಬೆಟ್ಟದೊಡನೆ ನನಗೊಂದು ಋಣವಿದೆ. ನನ್ನ ತಂದೆಯವರು ಗಣಿಯ ಪಾತಾಳದಲ್ಲಿ ದುಡಿದವರು. ಆಳದಲ್ಲಿ ಬಂಡೆಯೇ 60 ಡಿಗ್ರಿ ಮೀರಿ ಕಾಯುತ್ತಿತ್ತು. ಕಲ್ಲಿನ ಧೂಳು ಅವರ ಶ್ವಾಸಕೋಶಗಳನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮನ್ನು ಅಂತರಗಂಗೆಗೆ ಕರೆತಂದಾಗಲೆಲ್ಲ ಅವರು ಹತ್ತು ಮೆಟ್ಟಿಲು ಏರಿ ಕುಳಿತುಬಿಡುತ್ತಿದ್ದರು. "ನೀವು ಹೋಗಿ ಬನ್ನಿ, ಮೇಲೆ ಏನು ಕಂಡಿತೆಂದು ಹೇಳಿ" ಎನ್ನುತ್ತಿದ್ದರು. ಭೂಮಿಯೊಳಗೆ ಅಷ್ಟು ಆಳ ಇಳಿದವರಿಗೆ ಈ ಎತ್ತರ ಏರಲಾಗಲಿಲ್ಲ. ಹೋದ ವರ್ಷ ನನ್ನ ಮೊಮ್ಮಗಳು ಒಂದೇ ಉಸಿರಿನಲ್ಲಿ ಮೇಲೇರಿ, "ತಾತ, ಬೇಗ ಬನ್ನಿ" ಎಂದು ಕೂಗಿದಾಗ ನನ್ನ ಕಣ್ಣು ಮಂಜಾಯಿತು. ಅಂದು ರಾತ್ರಿ ಅವಳಿಗೆ ಮುತ್ತಾತನ ಕಥೆ ಹೇಳಿದೆ. ಅದುವರೆಗೆ ಅವಳಿಗೆ ಕೆ.ಜಿ.ಎಫ್. ಎಂದರೆ ಸಿನಿಮಾದ ಹೆಸರು ಮಾತ್ರವಾಗಿತ್ತು.

ಮೂರನೆಯ ದಿನ ಮುಳಬಾಗಿಲು ತಾಲ್ಲೂಕಿನ ಆವಣಿ. ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳನ್ನು ನೋಡಿ ಬೆಟ್ಟವೇರಬಹುದು. ಸೀತೆ ಲವಕುಶರನ್ನು ಹೆತ್ತದ್ದು ಇಲ್ಲಿಯೇ ಎಂಬುದು ಜನರ ನಂಬಿಕೆ. ಏರಲಾಗದವರಿದ್ದರೆ ಹೈದರಾಲಿಯ ಜನ್ಮಸ್ಥಳವೆನ್ನಲಾಗುವ ಬೂದಿಕೋಟೆಯನ್ನೋ, ಕಮ್ಮಸಂದ್ರದ ಕೋಟಿಲಿಂಗೇಶ್ವರವನ್ನೋ ಆರಿಸಿಕೊಳ್ಳಿ.

ಯೋಜನೆಯ ವಿಷಯದಲ್ಲಿ ಮೇಷ್ಟರ ಕೆಲವು ಮಾತುಗಳು. ದಿನಕ್ಕೆ ಒಂದೇ ಬೆಟ್ಟ ಸಾಕು. ದಸರೆಯಿಂದ ಫೆಬ್ರವರಿಯವರೆಗಿನ ಕಾಲ ಹಿತಕರ; ಬೇಸಿಗೆಯಲ್ಲಾದರೆ ಬೆಳಗಿನ 6ಕ್ಕೆ ಹೊರಟು 10ರೊಳಗೆ ಇಳಿದುಬಿಡಿ. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರೇ ಎಲ್ಲರಿಗಿಂತ ಮುಂದಿರಲಿ. ಆಗ ಯಾರೂ ಹಿಂದುಳಿಯುವುದಿಲ್ಲ. ಪ್ರತಿ ಮಗುವಿಗೂ ಒಂದು ಹೊಣೆ ಕೊಡಿ: ಒಬ್ಬರಿಗೆ ನೀರಿನ ಲೆಕ್ಕ, ಒಬ್ಬರಿಗೆ ನಕ್ಷೆ, ಒಬ್ಬರಿಗೆ ದಿನಚರಿ. ಮೊಣಕಾಲು ನೋವಿನ ನನ್ನ ಅಕ್ಕ ಬೆಟ್ಟದ ಬುಡದಲ್ಲಿ ನೆರಳು ಹುಡುಕಿ ಕುಳಿತು, ಇಳಿದು ಬಂದವರಿಗೆ ಮಜ್ಜಿಗೆ ಕೊಡುವ ಅಧಿಕಾರವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ!

ಗಣಿ ಮುಚ್ಚಿದ ಮೇಲೆ ನಮ್ಮೂರಿನ ಮಕ್ಕಳು ದಿಕ್ಕುದಿಕ್ಕಿಗೆ ಚದುರಿದರು. ಅವರ ಮಕ್ಕಳಿಗೆ ಈ ನೆಲದ ಪರಿಚಯ ಪುಸ್ತಕದಿಂದ ಆಗದು, ಕಾಲ್ನಡಿಗೆಯಿಂದ ಆದೀತು. ಮುಂದಿನ ರಜೆಗೆ ಬನ್ನಿ. ನನ್ನ ಕಾಲುಗಳಲ್ಲಿ ಶಕ್ತಿಯಿರುವವರೆಗೆ ದಾರಿ ತೋರಿಸಲು ನಾನೂ ಬರುತ್ತೇನೆ. ಎಲ್ಲರಿಗೂ ಶುಭವಾಗಲಿ.